ಪುಷ್ಯದಲ್ಲಿ ಬೇಯಿಸಿ ಮಾಘದಲ್ಲಿ ಉಂಡ ಪಾಯಸ

ಮಗಳು ಹುಟ್ಟಿದ ವರ್ಷ ನಾವು ಲುಧಿಯಾನದಲ್ಲಿದ್ದೆವು. ಪಂಜಾಬಿನಲ್ಲಿ ಹೊಸ ಸೊಸೆಗೂ ಹಸುಗೂಸಿಗೂ ಮೊದಲ ಲೋಹ್ರಿಯನ್ನು, ಅಂದರೆ ಸಂಕ್ರಾಂತಿಯ ಹಿಂದಿನ ರಾತ್ರಿ ಬೆಂಕಿ ಹಾಕಿ ಆಚರಿಸುವ ಹಬ್ಬವನ್ನು, ಸಡಗರದಿಂದ ಮಾಡುತ್ತಾರೆ. ಆದರೆ ಕೂಸಿನ ಲೋಹ್ರಿ ಎಂದರೆ ಬಹುಕಾಲ ಗಂಡುಮಗುವಿನದೇ ಆಗಿತ್ತು. ಪಕ್ಕದ ಮನೆಯ ಹಿರಿಯರು, ನಾವೆಲ್ಲ ಬೀಜೀ ಎಂದು ಕರೆಯುತ್ತಿದ್ದವರು, “ಇವಳದನ್ನೂ ಮಾಡೋಣ ಮಗಳೇ, ಖೀರು ಮಾತ್ರ ನಿನ್ನ ಕೈಯಿಂದಲೇ ಆಗಬೇಕು” ಎಂದರು.

ಅದು ರೌ ದೀ ಖೀರ್, ಅಂದರೆ ಕಬ್ಬಿನ ಹಾಲಿನ ಪಾಯಸ. ಜನವರಿಯಲ್ಲಿ ಅಲ್ಲಿ ಗೋಧಿ ಇನ್ನೂ ಹಸಿರಾಗಿರುತ್ತದೆ, ಕಟಾವಿಗೆ ಬಂದಿರುವುದು ಕಬ್ಬು. 13ರ ಮಧ್ಯಾಹ್ನ ಮೂರು ಲೀಟರ್ ಕಬ್ಬಿನ ಹಾಲನ್ನು ತೆಳುಬಟ್ಟೆಯಲ್ಲಿ ಸೋಸಿ ದಪ್ಪ ತಳದ ಪಾತ್ರೆಯಲ್ಲಿ ಕಾಯಲಿಟ್ಟೆ. ಕುದಿ ಬರುವ ಮೊದಲೇ ಬೂದುಹಸಿರು ನೊರೆ ಮೇಲೆ ಕಟ್ಟತೊಡಗಿತು; ಅದನ್ನು ಬಿಟ್ಟರೆ ಪಾಯಸ ಕಪ್ಪಾಗಿ ಒಗರಾಗುತ್ತದೆಂದು ಬೀಜೀ ಹೇಳಿದ್ದರಿಂದ, ನೊರೆ ಬೆಳ್ಳಗಾಗುವವರೆಗೂ ಸೌಟಿನಲ್ಲಿ ತೆಗೆಯುತ್ತಲೇ ಇದ್ದೆ. ಆಮೇಲೆ ನೆನೆಸಿದ ಕಾಲು ಕಿಲೋ ಅಕ್ಕಿ ಹಾಕಿದೆ. ಸಿಹಿಯಲ್ಲಿ ಅಕ್ಕಿ ನಿಧಾನವಾಗಿ ಬೇಯುವುದರಿಂದ, ತಳ ಹಿಡಿಯದಂತೆ ಸಣ್ಣ ಉರಿಯಲ್ಲಿ ಎರಡು ಗಂಟೆಗೂ ಮೀರಿ ತಿರುವಬೇಕಾಯಿತು. ಕೊನೆಗೆ ನಾನು ಹಸುವಿನ ಹಾಲು ಬೆರೆಸಲು ಹೋದಾಗ ಬೀಜೀ ಕೈಹಿಡಿದು ತಡೆದರು: ಬಿಸಿಯಲ್ಲಿ ಹಾಕಿದರೆ ಒಡೆದುಹೋಗುತ್ತದೆ, ನಾಳೆ ಬಡಿಸುವಾಗ ಹಾಕು.

ರಾತ್ರಿ ಓಣಿಯಲ್ಲಿ ಬೆಂಕಿ ಹಾಕಿದರು. “ಈಶರ್ ಆ, ದಲಿದ್ದರ್ ಜಾ” ಎನ್ನುತ್ತ, ಅಂದರೆ ಸಿರಿ ಬರಲಿ, ದಾರಿದ್ರ್ಯ ತೊಲಗಲಿ ಎಂದು, ಎಳ್ಳು, ರೇವಡಿ ಎಂಬ ಎಳ್ಳಿನ ಮಿಠಾಯಿ, ಕಡಲೆಕಾಯಿ, ಮೆಕ್ಕೆಜೋಳದ ಅರಳನ್ನು ಬೆಂಕಿಗೆ ಹಾಕಿ ಎಲ್ಲರೂ ಸುತ್ತು ಬಂದರು. ಮಗಳನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ನಾನೂ ಬಂದೆ. ಆ ರಾತ್ರಿಯ ಹಾಡು ದುಲ್ಲಾ ಭಟ್ಟಿಯದು. ಅಕ್ಬರನ ಆಳ್ವಿಕೆಗೆ ಎದುರು ನಿಂತು ಲಾಹೋರಿನಲ್ಲಿ ಗಲ್ಲಿಗೇರಿದ ಅವನು ದಿಕ್ಕಿಲ್ಲದ ಹೆಣ್ಣುಮಕ್ಕಳನ್ನು ಕಾಪಾಡಿ, ತಾನೇ ತಂದೆಯ ಸ್ಥಾನದಲ್ಲಿ ನಿಂತು ಮದುವೆ ಮಾಡಿಸಿದನೆಂದು ಜನಪದರು ಹಾಡುತ್ತಾರೆ. ಅಂಥವನನ್ನು ನೆನೆಯುವ ಹಬ್ಬದಲ್ಲಿ ಹೆಣ್ಣುಕೂಸಿಗೇ ಇಷ್ಟು ಕಾಲ ಪಾಲಿಲ್ಲದೆ ಹೋದದ್ದು ನನಗೆ ಇಂದಿಗೂ ನೋವಿನ ಸಂಗತಿ. ಈಗೀಗ ಹೆಣ್ಣುಮಕ್ಕಳ ಲೋಹ್ರಿ ಮಾಡುವ ಮನೆಗಳು ಹೆಚ್ಚುತ್ತಿವೆ.

“ಪೋಹ್ ರಿದ್ಧೀ, ಮಾಘ್ ಖಾಧೀ” ಎಂಬುದು ಅಲ್ಲಿಯ ಮಾತು: ಪುಷ್ಯದಲ್ಲಿ ಬೇಯಿಸಿದ್ದನ್ನು ಮಾಘದಲ್ಲಿ ಉಣ್ಣಬೇಕು. ಮರುದಿನ ಮಾಘಿ, ಅಂದರೆ ಅಲ್ಲಿಯ ಮಾಘ ಮಾಸದ ಮೊದಲ ದಿನ; ನಮಗೆ ಸಂಕ್ರಾಂತಿ. ರಾತ್ರಿಯ ಚಳಿಗೆ ಪಾಯಸ ಚಮಚ ನಿಲ್ಲುವಷ್ಟು ಗಟ್ಟಿಯಾಗಿ, ಜೇನಿನ ಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ ತಣ್ಣನೆಯ ಹಾಲು ಹಾಕಿ, ಪಕ್ಕದಲ್ಲಿ ಎಳ್ಳುಬೆಲ್ಲವನ್ನೂ ಇಟ್ಟು, ಮೊದಲ ಬಟ್ಟಲನ್ನು ಬೀಜೀಯವರ ಮನೆಗೆ ಕೊಂಡೊಯ್ದೆ.