ಪೆಟ್ರೋಲ್ ಮುಳ್ಳಿನ ಸುಳ್ಳು

ಮುಳ್ಳು ಅರ್ಧ ಟ್ಯಾಂಕ್ ತೋರಿಸುತ್ತಿತ್ತು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟ ನಮ್ಮ ಹಳೇ ಕಾರು ಉಣಕಲ್ ಕೆರೆ ದಾಟಿ ನವನಗರದ ಹತ್ತಿರ ನಿಂತೇಬಿಟ್ಟಿತು. ಟ್ಯಾಂಕಿನಲ್ಲಿ ಹನಿ ಪೆಟ್ರೋಲ್ ಇರಲಿಲ್ಲ. ಹೊಸ ಮೀಟರ್ ಹಾಕಿಸೋಣ ಎಂದು ಗ್ಯಾರೇಜಿಗೆ ಹೋದರೆ ಮಿಸ್ತ್ರಿ ನಕ್ಕರು: "ಮೀಟರ್ ಬಿಚ್ಚಬ್ಯಾಡ್ರೀ ಸರ, ಮೊದಲ ಟ್ಯಾಂಕಿನ ಕಡೆ ನೋಡ್ರಿ."

ಮಹಡಿ ಮೇಲಿನ ನೀರಿನ ಟ್ಯಾಂಕಿನಲ್ಲಿ ತೇಲುವ ಚೆಂಡು ಇರುತ್ತದಲ್ಲ, ಪೆಟ್ರೋಲ್ ಟ್ಯಾಂಕಿನಲ್ಲೂ ಅಂಥದ್ದೇ ಒಂದಿದೆ. ಅದು ಏರಿ ಇಳಿದಂತೆ ವೈರಿನಲ್ಲಿ ಹರಿಯುವ ಕರೆಂಟು ಬದಲಾಗುತ್ತದೆ, ಮುಳ್ಳು ಆಡುತ್ತದೆ. ಈ ಜೋಡಣೆಗೆ ಸೆಂಡರ್ ಎನ್ನುತ್ತಾರೆ.

ಮೊದಲು ಫ್ಯೂಸ್ ನೋಡಿ. ಪೆಟ್ರೋಲ್ ಮುಳ್ಳು, ಟೆಂಪರೇಚರ್ ಮುಳ್ಳು ಎರಡೂ ಒಟ್ಟಿಗೆ ಸತ್ತಿದ್ದರೆ ತಪ್ಪು ಫ್ಯೂಸಿನದ್ದೋ ಅರ್ಥ್ ವೈರಿನದ್ದೋ ಆಗಿರುವುದೇ ಜಾಸ್ತಿ. ಅರ್ಥ್ ವೈರಿನ ತುದಿ ತುಕ್ಕು ಹಿಡಿದಿದ್ದರೆ ಉಪ್ಪು ಕಾಗದದಿಂದ ತಿಕ್ಕಿ ಬಿಗಿ ಮಾಡಿ. ಎಷ್ಟೋ ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಮುಗಿಯಲಿಲ್ಲವೇ? ಗಾಡಿಯನ್ನು ಬಯಲಿಗೆ ತನ್ನಿ. ಬೀಡಿ, ಸಿಗರೇಟು ದೂರ ಇರಲಿ. ಕೀ ಆಫ್ ಮಾಡಿ, ಸೆಂಡರಿನ ಕನೆಕ್ಟರ್ ಬಿಚ್ಚಿ. ಮೀಟರಿಗೆ ಹೋಗುವ ವೈರನ್ನು 12 ವೋಲ್ಟಿನ ಸಣ್ಣ ಬಲ್ಬಿನ ಮೂಲಕ ಗಾಡಿಯ ಲೋಹದ ಮೈಗೆ ತಾಗಿಸಿ ಕಟ್ಟಿ. ಆಮೇಲಷ್ಟೇ ಕೀ ಆನ್ ಮಾಡಿ. ಈ ಕ್ರಮ ತಪ್ಪಿದರೆ ಟ್ಯಾಂಕಿನ ಪಕ್ಕದಲ್ಲೇ ಕಿಡಿ ಹಾರಬಹುದು.

ಮುಳ್ಳಿನ ಮೇಲೆ ಕಣ್ಣಿಡಿ. ಹಳೇ ಮೀಟರಿನಲ್ಲಿ ಅದು ಸೋಮಾರಿಯ ಹಾಗೆ ನಿಧಾನ ಏರುತ್ತದೆ, ಅವಸರ ಬೇಡ. ಮಾರುತಿ 800 ಥರದ ಗಾಡಿಗಳಲ್ಲಿ ಅದು ಫುಲ್ ಕಡೆ ಹೊರಟರೆ ಮೀಟರೂ ವೈರೂ ಸರಿ ಇವೆ, ಕಳ್ಳ ಸೆಂಡರ್. ತಕ್ಷಣ ಕೀ ಆಫ್ ಮಾಡಿ. ಕದಲದೇ ಇದ್ದರೆ ವೈರ್ ಕಟ್ಟಾಗಿರಬೇಕು, ಇಲ್ಲವೇ ಮೀಟರೇ ಹೋಗಿರಬೇಕು. ಕೆಲವು ಗಾಡಿಗಳಲ್ಲಿ ಲೆಕ್ಕ ಉಲ್ಟಾ, ಮುಳ್ಳು ಖಾಲಿ ಕಡೆ ಹೋಗುತ್ತದೆ. ಡಿಜಿಟಲ್ ಮೀಟರಿನ ಗಾಡಿಗೆ ಈ ಪ್ರಯೋಗ ಬೇಡವೇ ಬೇಡ.

ಮೀಟರ್ ಬಿಚ್ಚಲೇಬೇಕಾದರೆ ಬ್ಯಾಟರಿಯ ಮೈನಸ್ ವೈರ್ ಮೊದಲು ತೆಗೆಯಿರಿ. ಹಿಂದಿನ ಸಾಕೆಟ್ ಸಡಿಲವಾಗಿದೆಯಾ ನೋಡಿ. ಮುಳ್ಳನ್ನು ಮಾತ್ರ ಬೆರಳಲ್ಲಿ ತಿರುಗಿಸಬೇಡಿ.

ಸೆಂಡರ್ ಬದಲಿಸಲು ಟ್ಯಾಂಕ್ ತೆರೆಯಬೇಕಾಗುತ್ತದೆ. ಅದನ್ನು ಗ್ಯಾರೇಜಿಗೇ ಬಿಡಿ, ನಾನೂ ಬಿಟ್ಟೆ. ಹೊರತೆಗೆದಾಗ ಚೆಂಡಿನ ಕಡ್ಡಿ ನಡುವಲ್ಲೇ ಸಿಕ್ಕಿಕೊಂಡು ನಿಂತಿತ್ತು, ಸರಿಯಾಗಿ ಅರ್ಧ ಟ್ಯಾಂಕಿನ ಎತ್ತರಕ್ಕೆ.