ಕಾರಂಜಾ ಹಿನ್ನೀರಿನಲ್ಲಿ ಜರ್ಕ್‌ಬೈಟ್: ಚಳಿಗಾಲದ ಮುರಲ್ ಹಿಡಿಯುವ ನನ್ನ ಕ್ರಮ

ಜರ್ಕ್‌ಬೈಟ್ ಅಂದರೆ ಅಮೆರಿಕದವರು ಬಾಸ್ ಮೀನಿಗೆ ಹಾಕುವ ಗಾಳ ಕಟ್ಟಿದ, ಉದ್ದನೆಯ, ತೆಳ್ಳಗಿನ ಪ್ಲಾಸ್ಟಿಕ್ ಮೀನು. ಅಲ್ಲಿ ಶರತ್ಕಾಲದ ನೀರು 10–15 ಡಿಗ್ರಿಗೆ ಇಳಿದಾಗ ಅವರು ಇದನ್ನು ಹೊರತೆಗೆಯುತ್ತಾರೆ. ನಮ್ಮ ಬೀದರ್ ಕಡೆ ಬಾಸ್ ಇಲ್ಲ. ನೀರೂ ಅಷ್ಟು ತಣ್ಣಗಾಗುವುದಿಲ್ಲ. ಆದರೂ ದೀಪಾವಳಿ ಮುಗಿದ ಮೇಲೆ ಕಾರಂಜಾ ಹಿನ್ನೀರಿನಲ್ಲಿ ಮುರಲ್‌ಗೆ (ಹಾವಿನಂಥ ತಲೆಯ, ಬೇಟೆಯಾಡಿ ತಿನ್ನುವ ಮೀನು) ನಾನು ಹಾಕುವುದು ಇದನ್ನೇ.

ಇದಕ್ಕೆ ಕಾರಣ ಚಳಿಗಿಂತ ಜಾಸ್ತಿ ನೀರಿನ ಬಣ್ಣ. ಮಳೆಗಾಲದಲ್ಲಿ ಹೊಲಗಳ ಮಣ್ಣು ಕೊಚ್ಚಿ ಬಂದು ನೀರು ಹಾಲು ಹಾಕಿದ ಚಹಾದಂತಿರುತ್ತದೆ. ಜರ್ಕ್‌ಬೈಟನ್ನು ಮೀನು ಕಣ್ಣಿಂದ ನೋಡಿಯೇ ಹಿಡಿಯಬೇಕು. ಕಾಣದಿದ್ದರೆ ಎಷ್ಟು ದುಬಾರಿಯದ್ದು ಹಾಕಿದರೂ ಸುಮ್ನೆ. ತೊಗರಿ ಹೂ ಬಿಡುವ ಹೊತ್ತಿಗೆ ಮಣ್ಣು ತಳ ಸೇರಿ, ಮೊಣಕಾಲುದ್ದದ ನೀರಿನಲ್ಲಿ ಕಲ್ಲು ಕಾಣತೊಡಗುತ್ತದೆ. ಆಗ ಶುರು ಮಾಡುತ್ತೇನೆ.

ಹಾಕುವ ಮೊದಲು ಒಂದು ಕೆಲಸ ಇದೆ. ಬಾಸ್‌ಗೆ ಬಳಸುವ ಒಳ್ಳೆಯ ಜರ್ಕ್‌ಬೈಟ್ ನಿಲ್ಲಿಸಿದ ಕಡೆ ಮೇಲೂ ಏಳದೆ, ಕೆಳಗೂ ಹೋಗದೆ ನೀರಿನ ನಡುವೆ ತೂಗುತ್ತದೆ. ಆದರೆ ಅದರ ತೂಕ ತಣ್ಣನೆಯ ನೀರಿಗೆ ಹೊಂದಿಸಿದ್ದಾದರೆ, ಬೆಚ್ಚನೆಯ ನೀರಿನಲ್ಲಿ ಮೆಲ್ಲಗೆ ಮುಳುಗುತ್ತದೆ. ತಣ್ಣೀರು ಸ್ವಲ್ಪ ಭಾರ, ಬೆಚ್ಚನೆಯದು ಹಗುರ, ಅಷ್ಟೇ ವ್ಯತ್ಯಾಸ. ಮುರಲ್‌ನ ದವಡೆ ಗಟ್ಟಿ, ಹಲ್ಲು ಚೂಪು ಅಂತ ದಪ್ಪ ಗಾಳ ಹಾಕಿದರೆ ಇನ್ನೂ ಭಾರ. ಹಾಗಾಗಿ ಮನೆಯ ನಲ್ಲಿ ನೀರಿನಲ್ಲಿ ಅಲ್ಲ, ಹಿನ್ನೀರನ್ನೇ ಬಕೆಟ್‌ಗೆ ತುಂಬಿ ಪರೀಕ್ಷೆ ಮಾಡುತ್ತೇನೆ. ಮುಳುಗಿದರೆ ಒಂದು ಗಾಳವನ್ನು ಸಣ್ಣದು ಮಾಡುತ್ತೇನೆ. ಮೇಲೆದ್ದರೆ ಮುಂದಿನ ಗಾಳದ ಕಾಂಡಕ್ಕೆ ಸೀಸದ ತಂತಿ ಒಂದೆರಡು ಸುತ್ತು. ಮೂತಿ ಸ್ವಲ್ಪ ಕೆಳಗೆ ಬಾಗಿ ನಿಂತರೆ ಸರಿ ಅಂತ ಲೆಕ್ಕ.

ಇಷ್ಟೆಲ್ಲ ಯಾಕೆ ಅಂದರೆ, ಮೀನು ಕಚ್ಚುವುದು ಎಳೆದಾಗ ಅಲ್ಲ, ನಿಂತಾಗ. ರಾಡ್‌ನ ತುದಿಯನ್ನು ಕೆಳಮುಖವಾಗಿ ಎರಡು ಸಲ ಚುಟುಕಾಗಿ ಎಳೆಯಬೇಕು. ಪ್ರತಿ ಎಳೆತ ಆದ ಕೂಡಲೇ ತುದಿಯನ್ನು ಮತ್ತೆ ಬೈಟ್ ಕಡೆಗೆ ಬಿಟ್ಟು ದಾರ ಸಡಿಲಿಸಬೇಕು. ದಾರ ಬಿಗಿಯಾಗಿದ್ದರೆ ಬೈಟ್ ನೇರ ನಿಮ್ಮ ಕಡೆ ಬರುತ್ತದೆ, ಅಡ್ಡಕ್ಕೆ ತಿರುಗುವುದಿಲ್ಲ. ಆಮೇಲೆ ಸುಮ್ಮನಿರಬೇಕು. ತಣ್ಣೀರಿನ ಬಾಸ್‌ಗೆ ಅಮೆರಿಕದವರು ಹತ್ತು ಸೆಕೆಂಡ್, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಕಾಯುತ್ತಾರೆ. ನಮ್ಮ ನೀರಿಗೆ ಮೂರು ನಾಲ್ಕು ಸೆಕೆಂಡ್ ಸಾಕು. ಚಳಿ ಜೋರಾದ ವಾರದಲ್ಲಿ ಮಾತ್ರ ನಾನು ಅದನ್ನು ದುಪ್ಪಟ್ಟು ಮಾಡುತ್ತೇನೆ. ಆ ಹೊತ್ತಿನಲ್ಲಿ ಕಣ್ಣು ದಾರದ ಮೇಲೆಯೇ ಇರಬೇಕು. ಕೈಗೆ ಏನೂ ತಿಳಿಯದೆ ದಾರ ಪಕ್ಕಕ್ಕೆ ಸರಿದರೆ ಮೀನು ಬಂದಿದೆ ಅಂತಲೇ ಅರ್ಥ. ಜೋರಾಗಿ ಜಗ್ಗಬೇಡಿ. ರಾಡನ್ನು ಒಂದು ಕಡೆಗೆ ಒತ್ತಿ ಹಿಡಿದರೆ ಸಣ್ಣ ಗಾಳವೂ ಕೂರುತ್ತದೆ.

ಬೆಳಗಿನ ಜಾವಕ್ಕೇ ಹೋಗಬೇಕು ಅನ್ನುವವರ ಜೊತೆ ನನಗೆ ಜಗಳ. ಮೀನಿನ ಮೈ ನೀರಿನಷ್ಟೇ ಬಿಸಿ, ನೀರಿನಷ್ಟೇ ತಣ್ಣಗೆ; ನೀರು ತಣ್ಣಗಿದ್ದಾಗ ಅದೂ ಮಂಕಾಗಿರುತ್ತದೆ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಮಂಜಿನಲ್ಲಿ ನಡುಗುವ ಬದಲು ಜೋಳದ ರೊಟ್ಟಿ ತಿಂದು ಹತ್ತು ಗಂಟೆಗೆ ಹೊರಟರೆ ಸಾಕು. ಬಿಸಿಲು ಬಿದ್ದ ಕಲ್ಲು ದಂಡೆ, ಮುಳುಗಿದ ಜಾಲಿ ಬೊಡ್ಡೆಗಳ ಅಂಚು, ಅಲ್ಲಿ ಮಧ್ಯಾಹ್ನದವರೆಗೂ ಮುರಲ್ ಇರುತ್ತದೆ. ಬೊಡ್ಡೆಯ ಒಳಗೆ ಮಾತ್ರ ಹಾಕಬೇಡಿ, ಎರಡು ಗಾಳದ ಬೈಟ್ ಸಿಕ್ಕಿಕೊಂಡರೆ ವಾಪಸ್ ಬರುವುದಿಲ್ಲ.

ಮುರಲ್ ಗಾಳಿ ಕುಡಿಯಲು ಮೇಲೆ ಬರುವ ಮೀನು. ಬೇಸಿಗೆಯಲ್ಲಿ ಆ ಗುಳ್ಳೆ ನೋಡಿಯೇ ಜಾಗ ಗುರುತಿಸಬಹುದು. ತಣ್ಣೀರಿನಲ್ಲಿ ಆಮ್ಲಜನಕ ಜಾಸ್ತಿ ಕರಗಿರುತ್ತದೆ, ಮೀನಿಗೆ ಬೇಕಾಗುವುದೂ ಕಡಿಮೆ. ಹಾಗಾಗಿ ಚಳಿಗಾಲದಲ್ಲಿ ಅದು ಮೇಲೆ ಬರುವುದು ಕಡಿಮೆ. ಗುಳ್ಳೆ ಕಾಣಲಿಲ್ಲ ಅಂತ ಜಾಗ ಬಿಡಬೇಡಿ.

ಹಿನ್ನೀರಿನ ಮೀನು ಹಕ್ಕು ಗುತ್ತಿಗೆಗೆ ಹೋಗಿರುತ್ತದೆ. ಮೀನುಗಾರರ ಸೊಸೈಟಿಯವರನ್ನು ಕೇಳಿಯೇ ಗಾಳ ಹಾಕಿ, ಅವರ ಬಲೆಯ ಹತ್ತಿರ ಹೋಗಬೇಡಿ. ಫೆಬ್ರವರಿಯ ಬಿಸಿಲು ಏರಿ ಮುರಲ್ ಮತ್ತೆ ಮೇಲೆ ಬರತೊಡಗಿದರೆ ನಾನು ಜರ್ಕ್‌ಬೈಟ್ ಒಳಗಿಟ್ಟು ನೀರಿನ ಮೇಲೆ ತೇಲುವ ರಬ್ಬರ್ ಕಪ್ಪೆ ತೆಗೆಯುತ್ತೇನೆ.