ಫ್ರಿಜ್ಜನ್ನು ನಂಬದ ಶುಂಠಿ ಬಿಯರ್: ನನ್ನ ಅನುಭವ

ಬಿಯರ್ ಕಿಟ್ ಎಂದು ಬರುವ ಡಬ್ಬದಲ್ಲಿ ಜಾಡಿ, ಗ್ಯಾಸನ್ನು ಹೊರಕ್ಕೆ ಬಿಟ್ಟು ಗಾಳಿಯನ್ನು ಒಳಕ್ಕೆ ಬಿಡದ ಏರ್‌ಲಾಕ್, ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್, ಥರ್ಮಾಮೀಟರ್, ಮಾಲ್ಟ್ (ಮೊಳಕೆ ಬರಿಸಿದ ಬಾರ್ಲಿ) ಪಾಕದ ಡಬ್ಬಿ, ಯೀಸ್ಟ್ ಪೊಟ್ಟಣ ಇರುತ್ತವೆ. ಮಾಲ್ಟ್ ಡಬ್ಬಿಯನ್ನು ನಾನು ಬಳಸುವುದಿಲ್ಲ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿಯಿಲ್ಲದೆ ಮನೆಯಲ್ಲಿ ಬಿಯರ್ ಮಾಡುವಂತಿಲ್ಲ. ಅದೇ ಯೀಸ್ಟು, ಅದೇ ಉಪಕರಣಗಳಲ್ಲಿ ಹಾಸನದವರಿಗೆ ಚೆನ್ನಾಗಿ ಒಗ್ಗುವುದು ಶುಂಠಿ ಬಿಯರ್. ಹೆಸರಷ್ಟೇ ಬಿಯರ್, ಕುಡಿದರೆ ಗ್ಯಾಸ್ ತುಂಬಿದ ಪಾನಕ. ಆಹಾರ ಸುರಕ್ಷತಾ ನಿಯಮದಲ್ಲಿ ಆಲ್ಕೋಹಾಲ್ 0.5 ಶೇಕಡಾ ದಾಟಿದರೆ ಅದು ಮದ್ಯ. ನನ್ನ ಅಳತೆ ಅದಕ್ಕಿಂತ ಒಂದು ಕೂದಲು ಕೆಳಗೆ ನಿಲ್ಲುತ್ತದೆ. ಮಕ್ಕಳಿಗೆ, ಗರ್ಭಿಣಿಯರಿಗೆ ಇದನ್ನೂ ಕೊಡಬೇಡಿ.

ಎಲ್ಲೆಡೆ ಸಿಗುವ ವಿಧಾನದಲ್ಲಿ ಲೀಟರಿಗೆ 80ರಿಂದ 100 ಗ್ರಾಂ ಸಕ್ಕರೆ ಹಾಕಿ, ಯೀಸ್ಟ್ ಬೆರೆಸಿ, ಗ್ಯಾಸ್ ತುಂಬಿ ಬಾಟಲಿ ಗಟ್ಟಿಯಾದ ಕೂಡಲೇ ಫ್ರಿಜ್ಜಿಗೆ ಸೇರಿಸುತ್ತಾರೆ. ಆದರೆ ಫ್ರಿಜ್ಜಿನಲ್ಲಿ ಯೀಸ್ಟ್ ಸಾಯುವುದಿಲ್ಲ, ಜಡವಾಗುತ್ತದೆ ಅಷ್ಟೆ. ಸಕಲೇಶಪುರದ ಕಡೆ ಆಷಾಢದ ಮಳೆಗೆ ಮರ ಬಿದ್ದು ಲೈನ್ ಹೋದರೆ ಕರೆಂಟು ಯಾವಾಗ ಬರುತ್ತದೋ ಯಾರಿಗೆ ಗೊತ್ತು. ಫ್ರಿಜ್ ಬಿಸಿಯಾಯಿತೆಂದರೆ ಯೀಸ್ಟ್ ಮತ್ತೆ ಎದ್ದು ಕೂರುತ್ತದೆ. ಒಂದು ಗ್ರಾಂ ಸಕ್ಕರೆಯಿಂದ ಸುಮಾರು ಅರ್ಧ ಗ್ರಾಂ ಇಂಗಾಲದ ಡೈ ಆಕ್ಸೈಡ್ ಹುಟ್ಟುತ್ತದೆ, ಉಳಿದರ್ಧ ಆಲ್ಕೋಹಾಲ್. 100 ಗ್ರಾಂ ಪೂರ್ತಿ ಹುಳಿದರೆ ಒಂದು ಲೀಟರ್ ದ್ರವಕ್ಕೆ ಸುಮಾರು 25 ಲೀಟರ್ ಗ್ಯಾಸ್. ಇದನ್ನು ತಡೆಯುವ ಗಾಜಿನ ಬಾಟಲಿ ಇಲ್ಲ.

ಹಾಗಾಗಿ ಯೀಸ್ಟಿಗೆ ತಿನ್ನಲು ಬೇಕಾದಷ್ಟನ್ನೇ ತೂಗಿ ಹಾಕುವುದು, ಸಿಹಿಯನ್ನು ಲೋಟದಲ್ಲಿ ಬೆರೆಸಿಕೊಳ್ಳುವುದು ನನ್ನ ಕ್ರಮ. ಲೀಟರಿಗೆ ಎಲ್ಲ ಸೇರಿ ಏಳೂವರೆ ಗ್ರಾಂ ಸಕ್ಕರೆ ಇದ್ದರೆ ಎರಡು ಲೀಟರಿನ ಹತ್ತಿರ ಗ್ಯಾಸ್, ಅರ್ಧ ಶೇಕಡಾಕ್ಕಿಂತ ಕಡಿಮೆ ಆಲ್ಕೋಹಾಲ್. ಬಾಟಲಿಯನ್ನು ಮರೆತು ತಿಂಗಳು ಬಿಟ್ಟರೂ ಅದು ಅಲ್ಲಿಗೇ ನಿಲ್ಲುತ್ತದೆ, ಮುಂದಕ್ಕೆ ತಿನ್ನಲು ಏನೂ ಉಳಿದಿರುವುದಿಲ್ಲ. ಅಂಗಡಿಯ ಕೋಲಾದಷ್ಟು ಚುರುಕು ಗ್ಯಾಸ್ ಇದರಲ್ಲಿ ಬರುವುದಿಲ್ಲ. ಅದು ಬೇಕೇ ಬೇಕೆನ್ನುವವರಿಗೆ ಈ ಕ್ರಮ ಒಗ್ಗದು.

ಐದು ಲೀಟರಿಗೆ ಲೆಕ್ಕ ಹೀಗೆ: ಹಸಿ ಶುಂಠಿ 300 ಗ್ರಾಂ, ಬೆಲ್ಲ 34 ಗ್ರಾಂ, ನಿಂಬೆಹಣ್ಣು 3, ಒಣ ಯೀಸ್ಟ್ 1 ಗ್ರಾಂ. ಶುಂಠಿಯಲ್ಲಿ, ನಿಂಬೆಯಲ್ಲಿ ತಮ್ಮದೇ ಸಕ್ಕರೆ ಸುಮಾರು 6 ಗ್ರಾಂ ಇರುತ್ತದೆ. ಬೆಲ್ಲವೂ ಪೂರ್ತಿ ಸಕ್ಕರೆಯಲ್ಲ. ಬೆಲ್ಲದ ತೂಕ ಇವೆರಡನ್ನೂ ಲೆಕ್ಕ ಹಿಡಿದು ಹಾಕಿದ್ದು. ಇಲ್ಲಿ ಚಮಚದ ಲೆಕ್ಕ ನಡೆಯದು, ಗ್ರಾಂ ತೋರಿಸುವ ತಕ್ಕಡಿಯೇ ಬೇಕು. ಒಂದು ಗ್ರಾಂ ಯೀಸ್ಟಿಗೆ ಅಕ್ಕಸಾಲಿಗರ ಮಾದರಿಯ ಚಿಕ್ಕ ಡಿಜಿಟಲ್ ತಕ್ಕಡಿ ಉತ್ತಮ.

ಬೆಲ್ಲ ಕಪ್ಪಗಿದ್ದಷ್ಟೂ ಒಳ್ಳೆಯದು. ಕಣ್ಣಿಗೆ ಚೆಂದ ಕಾಣಲೆಂದು ಹೈಡ್ರೋಸ್ ಎಂಬ ಬಣ್ಣ ತಿಳಿಯಾಗಿಸುವ ರಾಸಾಯನಿಕ ಹಾಕಿದ ತೆಳು ಹಳದಿ ಬೆಲ್ಲದಲ್ಲಿ ಗಂಧಕದ ಅಂಶ ಉಳಿದಿರುತ್ತದೆ. ಅದು ಯೀಸ್ಟನ್ನು ಕುಗ್ಗಿಸುತ್ತದೆ, ಮೂಗಿಗೂ ಹೊಡೆಯುತ್ತದೆ.

ಶುಂಠಿಯ ವಿಷಯಕ್ಕೆ ನಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕಾದ್ದಿಲ್ಲ. ಆದರೂ ಎರಡು ಮಾತು. ಜನವರಿ, ಫೆಬ್ರವರಿಯಲ್ಲಿ ಕಿತ್ತ ಬಲಿತ ಗೆಡ್ಡೆಗೆ ಖಾರ ಜಾಸ್ತಿ. ಮಳೆಗಾಲ ಮುಗಿಯುವಾಗ ಬರುವ ಎಳೆ ಶುಂಠಿಯಾದರೆ 400 ಗ್ರಾಂ ಬೇಕು. ಕೊಳೆರೋಗ ತಗುಲಿದ ಹೊಲದ ಗೆಡ್ಡೆಯಲ್ಲಿ ಬುಡ ಮೆತ್ತಗಿದ್ದರೆ ಆ ತುಂಡನ್ನು ಬಿಸಾಡಿ, ಕೆಟ್ಟ ಭಾಗ ಕೆತ್ತಿ ಉಳಿಸುವ ಜಿಪುಣತನ ಬೇಡ.

ಮೂರರಲ್ಲಿ ಎರಡು ಪಾಲನ್ನು ಸಿಪ್ಪೆ ತೆಗೆದು ತೆಳು ಬಿಲ್ಲೆಗಳಾಗಿ ಕೊಯ್ದು, ತಣ್ಣೀರಿನಲ್ಲಿ ಒಮ್ಮೆ ಜಾಲಿಸಿ, ಎರಡು ಲೀಟರ್ ನೀರಿನಲ್ಲಿ 20 ನಿಮಿಷ ಕುದಿಸುತ್ತೇನೆ. ತುರಿದರೆ ಪಿಷ್ಟ ಬಿಟ್ಟುಕೊಂಡು ನೀರು ಗಂಜಿಯಂತಾಗುತ್ತದೆ, ಮತ್ತೆ ತಿಳಿಯಾಗುವುದಿಲ್ಲ. ಕುದಿಸಿದ್ದರಿಂದ ಗಂಟಲಿನ ಖಾರ ಬರುತ್ತದೆ, ಪರಿಮಳ ಹಾರಿಹೋಗುತ್ತದೆ. ಪರಿಮಳಕ್ಕೆ ಉಳಿದ 100 ಗ್ರಾಂ. ಅದನ್ನು ರುಬ್ಬಿ ಹಿಂಡಿ ರಸ ತೆಗೆದು 20 ನಿಮಿಷ ಅಲುಗಾಡಿಸದೆ ಇಟ್ಟರೆ ಪಾತ್ರೆಯ ತಳದಲ್ಲಿ ಬಿಳಿಯ ಪಿಷ್ಟ ಸುಣ್ಣದ ಹಾಗೆ ಕೂರುತ್ತದೆ. ಮೇಲಿನ ರಸವನ್ನಷ್ಟೇ ಬಗ್ಗಿಸಿಕೊಳ್ಳಿ. ಒಲೆ ಆರಿಸಿದ ಕಷಾಯ 70 ಡಿಗ್ರಿಗೆ ಇಳಿದಾಗ ಈ ರಸ, ಬೆಲ್ಲ ಹಾಕಿ ಮುಚ್ಚಿ ಹತ್ತು ನಿಮಿಷ ಬಿಡಿ. ಮಣ್ಣಿನಿಂದ ಬಂದ ಗೆಡ್ಡೆಯಲ್ಲಿರುವ ಕಾಡು ಯೀಸ್ಟು, ಬ್ಯಾಕ್ಟೀರಿಯಾಗಳಿಗೆ ಅಷ್ಟು ಬಿಸಿ ಸಾಕು, ಪರಿಮಳವೂ ಬಹುಪಾಲು ಉಳಿಯುತ್ತದೆ.

ಆಮೇಲೆ ಜಾಡಿಗೆ ಸೋಸಿ, ಮೊದಲೇ ಕುದಿಸಿ ಆರಿಸಿದ ನೀರು ಸೇರಿಸಿ ಐದು ಲೀಟರ್ ಮಾಡಿ. ನಲ್ಲಿಯಲ್ಲಿ ಬರುವ ಹೇಮಾವತಿ ನೀರಿನ ಕ್ಲೋರಿನ್ ಕುದಿಸಿದರೆ ಹೋಗುತ್ತದೆ. ಹೋಗದೆ ಉಳಿದರೆ ಪಾನೀಯಕ್ಕೆ ಆಸ್ಪತ್ರೆಯ ವಾಸನೆ. ನಿಂಬೆರಸ ಹಿಂಡಿ, ಹುಳಿ ಅಳೆಯುವ ಪಿಎಚ್ ಕಾಗದದಲ್ಲಿ 3.5ರ ಆಸುಪಾಸು ಇದೆಯೇ ನೋಡಿ. 4ಕ್ಕಿಂತ ಮೇಲಿದ್ದರೆ ಇನ್ನರ್ಧ ನಿಂಬೆ.

ಈಗ ಯೀಸ್ಟು. 11 ಗ್ರಾಂ ಆಸುಪಾಸಿನ ಏಲ್ (ಬಿಯರಿನ ಒಂದು ಬಗೆ) ಯೀಸ್ಟ್ ಪೊಟ್ಟಣ 20 ಲೀಟರ್ ಬಿಯರಿನ ಲೆಕ್ಕದ್ದು, ನಮಗೆ ಒಂದು ಗ್ರಾಂ ಸಾಕು. ಬ್ರೆಡ್ ಯೀಸ್ಟಿನಲ್ಲೂ ಗ್ಯಾಸ್ ಬರುತ್ತದೆ, ಆದರೆ ಬೇಕರಿ ವಾಸನೆ ಉಳಿದು, ತಳದಲ್ಲಿ ಸರಿಯಾಗಿ ಕೂರದೆ ಬಗ್ಗಿಸುವಾಗ ಲೋಟಕ್ಕೆ ಬೀಳುತ್ತದೆ. ಕುದಿಸಿ ಆರಿಸಿದ 20 ಮಿಲಿಲೀಟರ್ ನೀರನ್ನು 30 ಡಿಗ್ರಿಗೆ ತನ್ನಿ. ಎಳೆಮಗುವಿಗೆ ಎರೆಯುವ ನೀರಿಗಿಂತ ಇದು ತಣ್ಣಗಿರಬೇಕು. ಯೀಸ್ಟನ್ನು ಮೇಲೆ ಉದುರಿಸಿ 15 ನಿಮಿಷ ಕೈ ಹಾಕಬೇಡಿ. ಆಮೇಲೆ ಸ್ವಚ್ಛವಾದ ಚಮಚದಲ್ಲಿ ಕಲಕಿದರೆ ತೆಳು ಮಜ್ಜಿಗೆಯ ಹದಕ್ಕೆ ಬರುತ್ತದೆ. ಈ ನೀರಿಗೆ ಸಕ್ಕರೆ ಹಾಕಬಾರದು. ಒಣಗಿದ ಕೋಶದ ಪೊರೆ ನೀರು ಕುಡಿದು ಸರಿಹೋಗುವ ತನಕ ಒಳಕ್ಕೆ ಏನು ಬಿಡಬೇಕು, ಏನು ಬಿಡಬಾರದು ಎಂಬ ಹತೋಟಿ ಅದಕ್ಕಿರುವುದಿಲ್ಲ. ಜೀವ ಇದೆಯೇ ಎಂಬ ಅನುಮಾನವಿದ್ದರೆ, 15 ನಿಮಿಷ ಕಳೆದ ಮೇಲೆ ಎರಡು ಚಮಚ ಶುಂಠಿ ನೀರು ಹಾಕಿ ನೋಡಿ. ಅರ್ಧ ಗಂಟೆಯೊಳಗೆ ಅಂಚಿನಲ್ಲಿ ನೊರೆಗುಳ್ಳೆ ಕಾಣಬೇಕು. ಕಾಣದಿದ್ದರೆ ಆ ಪೊಟ್ಟಣ ಗೊಬ್ಬರದ ಗುಂಡಿಗೆ.

ಜಾಡಿಯ ದ್ರವಕ್ಕೂ ಯೀಸ್ಟಿನ ನೀರಿಗೂ ಹತ್ತು ಡಿಗ್ರಿಗಿಂತ ಹೆಚ್ಚು ಅಂತರ ಇರಬಾರದು. ಡಿಸೆಂಬರಿನ ಬೆಳಿಗ್ಗೆ ಹಾಸನದಲ್ಲಿ ಜಾಡಿ 17 ಡಿಗ್ರಿಯಲ್ಲಿದ್ದರೆ, ಯೀಸ್ಟಿಗೆ ಜಾಡಿಯದೇ ದ್ರವವನ್ನು ಚಮಚ ಚಮಚವಾಗಿ ಸೇರಿಸುತ್ತ ತಣಿಸಿ. ಬೆರೆಸಿದ ಮೇಲೆ ಜಾಡಿಯನ್ನು ಚೆನ್ನಾಗಿ ಕುಲುಕಿ. ಬೆಲ್ಲ, ಯೀಸ್ಟ್ ಎಲ್ಲ ಬಾಟಲಿಗೂ ಸಮನಾಗಿ ಹೋಗಬೇಕು.

ಏರ್‌ಲಾಕಿಗೆ ಇಲ್ಲಿ ಕೆಲಸವಿಲ್ಲ. ಗ್ಯಾಸ್ ಒಳಗೇ ಉಳಿಯಬೇಕಾದ್ದರಿಂದ ನೇರ ಬಾಟಲಿಗೆ. ಸೋಡಾ, ಕೋಲಾ ಬಂದ ಪ್ಲಾಸ್ಟಿಕ್ ಬಾಟಲಿಗಳೇ ಆಗಬೇಕು, ತಳದಲ್ಲಿ ಐದು ಕಾಲು ಇರುವಂಥವು. ಕುಡಿಯುವ ನೀರಿನ ಬಾಟಲಿ ತೆಳುವು, ಒತ್ತಡಕ್ಕೆ ಮಾಡಿದ್ದಲ್ಲ. ಕುದಿನೀರು ಹಾಕಿ ತೊಳೆದರೆ ಬಾಟಲಿ ಸೊಟ್ಟಗಾಗುತ್ತದೆ. ಬದಲಿಗೆ 4 ಶೇಕಡಾ ಹೈಪೋಕ್ಲೋರೈಟ್ ಇರುವ, ಸುವಾಸನೆ ಬೆರೆಸದ ಬ್ಲೀಚನ್ನು ಲೀಟರಿಗೆ 5 ಮಿಲಿಲೀಟರಿನಂತೆ ನೀರಿಗೆ ಹಾಕಿ, 15 ನಿಮಿಷ ಬಿಟ್ಟು, ಕುದಿಸಿ ಆರಿಸಿದ ನೀರಿನಲ್ಲಿ ಎರಡು ಸಲ ಜಾಲಿಸಿ. ಮುಚ್ಚಳಗಳನ್ನೂ ಮರೆಯಬೇಡಿ.

ಮೇಲೆ ಮೂರು ಬೆರಳು ಜಾಗ ಬಿಟ್ಟು ತುಂಬಿ, ದ್ರವ ಕತ್ತಿನ ತನಕ ಏರುವಷ್ಟು ಬಾಟಲಿಯನ್ನು ಹಿಚುಕಿ ಹಿಡಿದು ಮುಚ್ಚಳ ಬಿಗಿಯಿರಿ. ಗಾಳಿ ಹೊರಗೆ ಹೋಗುತ್ತದೆ, ನಮಗೊಂದು ಮೀಟರೂ ಸಿಗುತ್ತದೆ. ನೆಗ್ಗಿದ ಬಾಟಲಿ ತಾನಾಗಿ ಉಬ್ಬತೊಡಗಿದರೆ ಯೀಸ್ಟ್ ಕೆಲಸಕ್ಕೆ ಇಳಿದಿದೆ ಎಂದರ್ಥ. ಮಾರ್ಚಿನ ಸೆಕೆಯಲ್ಲಿ ಮೂರು ದಿನ, ಚಳಿಗಾಲದಲ್ಲಿ ಒಂದು ವಾರ. ಹೆಬ್ಬೆರಳಲ್ಲಿ ಒತ್ತಿದರೆ ಕುಗ್ಗದ ಹಾಗಾದ ಮೇಲೂ ಎರಡು ದಿನ ಬಿಟ್ಟು, ಒಂದು ರಾತ್ರಿ ಫ್ರಿಜ್ಜಿನಲ್ಲಿ ನಿಲ್ಲಿಸಿ. ಗ್ಯಾಸ್ ದ್ರವದೊಳಗೆ ಕರಗುತ್ತದೆ, ಯೀಸ್ಟ್ ತಳಕ್ಕೆ ಅಂಟುತ್ತದೆ.

ಉಬ್ಬದೇ ಇದ್ದರೆ ಮೊದಲು ಮುಚ್ಚಳ ಅನುಮಾನಿಸಿ: ಬಾಟಲಿಯನ್ನು ನೀರಿನಲ್ಲಿ ಮುಳುಗಿಸಿ ಹಿಚುಕಿದರೆ ಸೋರಿಕೆ ಗುಳ್ಳೆಯಾಗಿ ಕಾಣುತ್ತದೆ. ಸೋರಿಕೆ ಇಲ್ಲದಿದ್ದರೆ ಯೀಸ್ಟ್ ಬಿಸಿಗೆ ಸತ್ತಿರಬಹುದು, ಇಲ್ಲವೇ ಬೆಲ್ಲದ ದೋಷ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಯೀಸ್ಟಿಗೆ ಪೋಷಣೆ ಸಾಲಲಿಲ್ಲ. ಇಷ್ಟು ಕಡಿಮೆ ಸಕ್ಕರೆಯಲ್ಲಿ ಅದು ಅಪರೂಪ, ಲೋಟಕ್ಕೆ ಬಗ್ಗಿಸಿದರೆ ಬಹುಪಾಲು ಹಾರಿಹೋಗುತ್ತದೆ. ಮೇಲೆ ಬಿಳಿ ಪದರ, ಲೋಳೆ, ಅಥವಾ ತೆರೆದ ಕೂಡಲೇ ಅರ್ಧ ಬಾಟಲಿ ಹೊರಕ್ಕೆ ಉಕ್ಕುವುದು ಕಂಡರೆ ಬೇರೆ ಜೀವಿ ಹೊಕ್ಕಿದೆ. ಆ ಕಂತು ಪೂರ್ತಿ ಚೆಲ್ಲಿ.

ಕುಡಿಯುವಾಗ ಬೇಕಾದ ಪಾಕಕ್ಕೆ 200 ಗ್ರಾಂ ಬೆಲ್ಲವನ್ನು 100 ಮಿಲಿಲೀಟರ್ ನೀರಿನಲ್ಲಿ ಕರಗಿಸಿ, ಕುದಿ ಬಂದ ಮೇಲೆ ಸೋಸಿ, ಒಂದೆರಡು ಏಲಕ್ಕಿ ಜಜ್ಜಿ ಹಾಕಿಡಿ. ಒಂದು ಲೋಟಕ್ಕೆ ಒಂದೂವರೆ ದೊಡ್ಡ ಚಮಚ. ಪಾಕ ಮೊದಲು, ಬಿಯರ್ ಆಮೇಲೆ, ಲೋಟವನ್ನು ಓರೆ ಹಿಡಿದು ನಿಧಾನವಾಗಿ. ತಿರುಗಾಮುರುಗಾ ಮಾಡಿದರೆ ನೊರೆ ಉಕ್ಕಿ ಮೇಜಿನ ಪಾಲು. ತಳದ ಒಂದು ಬೆರಳು ದ್ರವವನ್ನು ಬಾಟಲಿಯಲ್ಲೇ ಬಿಡಿ. ಆ ಗಸಿಯನ್ನು ಮುಂದಿನ ಕಂತಿಗೆ ಯೀಸ್ಟಾಗಿ ಎತ್ತಿಡುವ ಆಸೆ ಬರುತ್ತದೆ, ಆದರೆ ಒಂದು ಗ್ರಾಂ ಯೀಸ್ಟ್ ಉಳಿಸಲು ಹೋಗಿ ಹಳೆಯ ಸೋಂಕನ್ನೂ ಜೊತೆಗೆ ಸಾಕುವುದು ಲಾಭದ ವ್ಯಾಪಾರವಲ್ಲ. ತೆರೆದ ಪೊಟ್ಟಣದ ಬಾಯಿ ಮಡಿಚಿ ಟೇಪು ಹಚ್ಚಿ, ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟು, ಒಂದು ವಾರದೊಳಗೆ ಇನ್ನೊಂದು ಕಂತು ಹಾಕಿಬಿಡಿ.